ಬಂಗಾಳಿ ಹಾಡಿನ ಮೊದಲ ಸಾಲು

ಬಿಸಿಲು ಡ್ರಮ್ಮಿನ ಕಂಚಿನ ಸಿಂಬಲ್ಲಿನ ಅಂಚಿಗೆ ಬಿದ್ದು ನೇರ ನನ್ನ ಕಣ್ಣಿಗೇ ಹೊಡೆಯುತ್ತಿದೆ, ಸ್ವಲ್ಪ ಎಡಕ್ಕೆ ಸರಿಸಬೇಕು, ಸರಿಸಿದೆ, ಈಗ ಮೂಗಿನ ಮೇಲೆ ಬಿತ್ತು — ಗಾಲ್ವೇಯಂಥ ಐರಿಷ್ ಊರಲ್ಲಿ ಮಧ್ಯಾಹ್ನ ಮೂರಕ್ಕೆ ಇಂಥ ಬಿಸಿಲು ಅಂದರೆ ಯಾರು ನಂಬುತ್ತಾರೆ, ಹನ್ನೊಂದು ವರ್ಷದಲ್ಲಿ ನಾವು ಬಯಲಲ್ಲಿ ನುಡಿಸಿದಾಗಲೆಲ್ಲ ಮಳೆ, ಅದಕ್ಕೇ ಬ್ಯಾಂಡಿನ ಹೆಸರು ಭಾಂಗಾ ಛಾತಾ, ಮುರಿದ ಕೊಡೆ, ಹೇಮಚಂದ್ರ ಕೋಲ್ಕತ್ತಾದಿಂದ ತಂದಿದ್ದ ಮೂರು ಕೊಡೆಗಳನ್ನು ಈ ಊರಿನ ಗಾಳಿ ಒಂದೇ ವಾರದಲ್ಲಿ ಮುರಿದು ಹಾಕಿತ್ತಂತೆ. ಅವನೀಗ ನನಗೆ ಬೆನ್ನು ಹಾಕಿ ನಿಂತು ಗಿಟಾರಿನ ಕಿವಿ ಹಿಂಡುತ್ತಿದ್ದಾನೆ, ಹಾಡುವವನೂ ಅವನೇ, ಹಾಡು ಕಟ್ಟುವವನೂ ಅವನೇ, ಬಲಕ್ಕೆ ಕೀಬೋರ್ಡಿನ ಹಿಂದೆ ವಿನೋದಿನಿ, ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಬಂದವಳು, ನರ್ಸಿನ ಬೂಟು ಕೂಡ ಬಿಚ್ಚಿಲ್ಲ, ಮುಂದೆ ಜನ, ಸಾವಿರ ಇದ್ದಾರು, ಅದರಲ್ಲಿ ಬಂಗಾಳಿ ಬಲ್ಲವರು ಮುನ್ನೂರಿದ್ದರೆ ಹೆಚ್ಚು. ಮತ್ತೆ ನನ್ನ ಬಾಯಿಯ ಮುಂದೆ — ಏನೂ ಇಲ್ಲ. ಮೈಕ್ ಇರುತ್ತಿದ್ದ ಜಾಗ ಖಾಲಿ. ಅದರ ಬದಲು ಕಿವಿಯಲ್ಲಿ ಹುಣಸೆಬೀಜದಷ್ಟು ಒಂದು ಯಂತ್ರ, ಅದು ನಾಲ್ಕು ಸಲ ಟಿಕ್ ಅನ್ನುತ್ತದೆ, ನನಗೆ ಮಾತ್ರ ಕೇಳುವ ಹಾಗೆ, ಐದನೆಯದಕ್ಕೆ ನಾನು ಹೊಡೆಯಬೇಕು. ಅಷ್ಟೇ ಕೆಲಸ. ಸೌಂಡ್ ಡೆಸ್ಕಿನಲ್ಲಿ ಕೆಂಪು ದೀಪ, ಅಂದರೆ ಕ್ಯಾಮೆರಾದವರು ಇನ್ನೂ ಸಿದ್ಧವಿಲ್ಲ, ಕಾಯಬೇಕು, ಕಾಯುತ್ತೇನೆ, ಗ್ರ್ಯಾಂಡ್.

ಗ್ರ್ಯಾಂಡ್, ಇಲ್ಲಿಯವರು ಸರಿ, ಆಗಲಿ ಅನ್ನುವುದು ಹೀಗೆ, ಈ ಒಂದು ಮಾತೇ ನನ್ನನ್ನು ಇಲ್ಲಿಗೆ ತಂದು ಕೂರಿಸಿದ್ದು. ಓದಲು ಬಂದು ಆರು ತಿಂಗಳಾಗಿತ್ತು, ಅರ್ಥವಾಗದ್ದಕ್ಕೆಲ್ಲ ಗ್ರ್ಯಾಂಡ್ ಅನ್ನುವುದು ರೂಢಿಯಾಗಿತ್ತು, ಅಕ್ಕಿ ತರುವ ಅಂಗಡಿಯ ಗೋಡೆಯಲ್ಲಿ ಚೀಟಿ, ಡ್ರಮ್ಮರ್ ಬೇಕಾಗಿದ್ದಾರೆ, ಫೋನ್ ಮಾಡಿದೆ, ಇಸ್ಮತ್ ಅಂದೆ, ಹೆಸರು ಕೇಳಿ ಢಾಕಾದವಳೆಂದುಕೊಂಡು ಹೇಮಚಂದ್ರ ಹತ್ತು ನಿಮಿಷ ಬಂಗಾಳಿಯಲ್ಲಿ ಸುರಿದ, ನಾನು ನಡುನಡುವೆ ಗ್ರ್ಯಾಂಡ್ ಅಂದೆ, ಶನಿವಾರ ಹೋದೆ, ನುಡಿಸಿದೆ, ಆಮೇಲೆ ತಿಳಿಯಿತು ಇವಳು ಗದಗಿನವಳು, ಬಂಗಾಳಿಯ ಗಂಧಗಾಳಿ ಇಲ್ಲ ಅಂತ. ಅವನು ನಕ್ಕ. ಇರಲಿ ಬಿಡು, ಡ್ರಮ್ಮಿಗೆ ಯಾವ ಭಾಷೆ ಅಂದ. ಅವನ ಹಾಡುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ, ಎಲ್ಲಿ ಏರು, ಎಲ್ಲಿ ನಿಲುಗಡೆ ಅಂತ ಗುರುತು ಹಾಕಲು, ವಿನೋದಿನಿ ನೋಟುಬುಕ್ ತೆಗೆದು ನೋಡಿ, ಏನಿದು, ಜಿಲೇಬಿ ಅಂಗಡಿ ಇಟ್ಟಿದ್ದೀಯಾ ಅಂದಳು. ಮನೆಯಲ್ಲಿ ನಮ್ಮದು ಉರ್ದು, ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಇಂಗ್ಲಿಷ್, ಇಲ್ಲಿ ಬಂಗಾಳಿ, ಎಣಿಕೆ ಮಾತ್ರ ಯಾವತ್ತೂ ಕನ್ನಡದಲ್ಲೇ, ಗದಗಿನ ಶಾಲೆಯಲ್ಲಿ ಶಾಂತಾ ಟೀಚರ್ ಮೇಜಿನ ಮೇಲೆ ಫುಟ್‌ಪಟ್ಟಿ ಕುಟ್ಟಿ ಕಲಿಸಿದ್ದು, ಅದು ತಲೆಯಲ್ಲಿ ಅಲ್ಲ, ಮಣಿಕಟ್ಟಿನಲ್ಲಿದೆ. ಆದರೂ ಗಟ್ಟಿಯಾಗಿ ಎಣಿಸುತ್ತಿರಲಿಲ್ಲ, ಬ್ರೀಡಾ ಬರುವವರೆಗೂ. ಮೊದಲ ಶೋ, ಚರ್ಚಿನ ಪಕ್ಕದ ಸಣ್ಣ ಹಾಲ್, ಎಲ್ಲ ಸೇರಿ ಏಳು ಜನ, ಏಳನೆಯವಳು ಬೀಗ ಹಾಕಲು ಬಂದ ಬ್ರೀಡಾ, ಹಾಲಿನ ಕೀಲಿ ಇಟ್ಟುಕೊಂಡವಳು, ಹಳದಿ ರೇನ್‌ಕೋಟ್, ಬಾಗಿಲಲ್ಲಿ ನಿಂತು ಕೈ ಎತ್ತಿ ನಾಲ್ಕು ಬೆರಳು ತೋರಿಸಿದಳು — ಮೂರು ನೆಟ್ಟಗೆ, ಒಂದು ಕೊಂಕಿ, ಹುಡುಗಿಯಾಗಿದ್ದಾಗ ಹರ್ಲಿಂಗ್ ಆಟದಲ್ಲಿ ಕೋಲಿನ ಏಟಿಗೆ ಮುರಿದದ್ದಂತೆ — ಇನ್ನು ನಾಲ್ಕೇ ನಿಮಿಷ, ಮುಗಿಸಿ ಅಂತ ಅವಳ ಅರ್ಥ, ನನಗೆ ಆ ಬೆರಳು ಕಂಡದ್ದೇ ತಡ, ಎಣಿಸು ಅನ್ನುತ್ತಿದ್ದಾಳೆ ಅಂದುಕೊಂಡು ಇದ್ದಬದ್ದ ದನಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಕೂಗಿ ಹೊಡೆದೇಬಿಟ್ಟೆ. ಹೇಮಚಂದ್ರ ಬೆಚ್ಚಿಬಿದ್ದು ಹಾಡಿದ. ಹಾಗೆ ಅವನು ಅದಕ್ಕೆ ಮುಂಚೆ ಎಂದೂ ಹಾಡಿರಲಿಲ್ಲ. ಬ್ರೀಡಾ ಬೀಗ ಹಾಕಿದ್ದು ಮುಕ್ಕಾಲು ಗಂಟೆ ತಡವಾಗಿ.

ಆಮೇಲೆ ಅಭ್ಯಾಸವಾಯಿತು, ನಾನು ಕೂಗದೆ ಅವನ ಬಾಯಿ ತೆರೆಯುತ್ತಿರಲಿಲ್ಲ, ಕಾರ್ಕಿನ ಪಬ್‌ನಲ್ಲಿ, ಡಬ್ಲಿನ್ನಿನ ದುರ್ಗಾಪೂಜೆಯಲ್ಲಿ, ಅಲ್ಲೊಬ್ಬ ಹಿರಿಯರು ಕಿವಿಗೆ ಹತ್ತಿ ಇಟ್ಟುಕೊಂಡು ಕೂತು ಕೊನೆಯ ಹಾಡಿಗೆ ಹತ್ತಿ ತೆಗೆದರು, ವ್ಯಾನ್ ಕೆಟ್ಟು ರಸ್ತೆ ಬದಿಯ ಕುರಿಗಳ ಮುಂದೆ ಇಡೀ ಶೋ ನುಡಿಸಿದ್ದೂ ಉಂಟು, ಕುರಿಗಳು ಮೇಯುವುದನ್ನು ನಿಲ್ಲಿಸಲಿಲ್ಲ, ಅದನ್ನೇ ಮೆಚ್ಚುಗೆ ಅಂದುಕೊಂಡೆವು. ಆಮೇಲೆ ಆಲ್ಬಮ್. ಅತ್ಲೋನ್‌ನಲ್ಲಿ, ಯಾಕೆಂದರೆ ಅವರಿಗೆ ಗಾಲ್ವೇಯಿಂದ ರೈಲು, ನನಗೆ ಲೀಕ್ಸ್‌ಲಿಪ್‌ನಿಂದ, ನಡುವೆ ಪಾಡ್ರಿಗ್‌ನ ಸ್ಟುಡಿಯೋ, ಈಗ ಸೌಂಡ್ ಡೆಸ್ಕಿನಲ್ಲಿ ಕೂತಿದ್ದಾನಲ್ಲ, ಅವನೇ, ಪಾಪ ಅಚ್ಚುಕಟ್ಟಿನ ಮನುಷ್ಯ. ಬಾಸ್ ಆಶ್ಬೇ, ಬಸ್ಸು ಬರುತ್ತದೆ, ನಮ್ಮ ದೊಡ್ಡ ಹಾಡು, ಬಾರದ ಬಸ್ಸಿಗೆ ಮಳೆಯಲ್ಲಿ ಕಾಯುವವನ ಹಾಡು, ಇಲ್ಲಿ ಬಸ್ಸಿಗೆ ಕಾದವರಿಗೆಲ್ಲ ಭಾಷೆ ಬಾರದಿದ್ದರೂ ಅರ್ಥವಾಗುವ ಹಾಡು. ವಿನೋದಿನಿ ಸಾಹಿತ್ಯ ಬರೆದುಕೊಟ್ಟಳು, ಪಾಡ್ರಿಗ್ ಟೇಪ್ ಕೇಳಿದ, ಹಾಳೆ ನೋಡಿದ, ಅಯ್ಯೋ, ಮೊದಲ ಸಾಲು ಬರೆಯುವುದನ್ನೇ ಮರೆತಿದ್ದಾರೆ ಅಂದುಕೊಂಡ, ಕೇಳಿಸಿದ ಹಾಗೆ ತಾನೇ ಸೇರಿಸಿದ, ನನ್ನ ಎಣಿಕೆಯನ್ನು ಕತ್ತರಿಸಲಿಲ್ಲ, ಹತ್ತು ಸಲ ತೊಳೆದು ಇನ್ನೂ ಹೊಳೆಯುವಂತೆ ಮಾಡಿದ, ಆಲ್ಬಮ್ಮಿನ ಜೊತೆಯ ಸಾಹಿತ್ಯದ ಹಾಳೆಯಲ್ಲಿ ಅಚ್ಚಾಗಿ ಬಂತು, ಒಂದು ಎರಡು ಮೂರು ನಾಲ್ಕು, ಬಂಗಾಳಿ ಹಾಡಿನ ಮೊದಲ ಸಾಲು. ವಿನೋದಿನಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಕೋಲ್ಕತ್ತಾದಿಂದ ಒಬ್ಬ ಅಜ್ಜಿ ಪತ್ರ ಬರೆದಳು, ಹಾಡು ಚೆನ್ನಾಗಿದೆ, ಮೊದಲ ಸಾಲು ಯಾವ ಕಾಲದ ಬಂಗಾಳಿ ಅಂತ. ಅದರಿಂದಲೇ ಎಲ್ಲ ಶುರುವಾಗುವುದು, ಅಜ್ಜಿ, ಅಂತ ಹೇಮಚಂದ್ರ ಉತ್ತರ ಬರೆದ. ಬ್ರೀಡಾ ಆ ಮೊದಲ ಶೋ ಆದಮೇಲೆ ನಮ್ಮ ಒಂದು ಶೋವನ್ನೂ ತಪ್ಪಿಸಿದವಳಲ್ಲ, ಎಲ್ಲೇ ನುಡಿಸಲಿ, ಅವಳನ್ನು ನೋಡಿ ಜನ ನಾಲ್ಕು ಬೆರಳು ಎತ್ತುವುದು, ಅದೊಂದು ಪದ್ಧತಿಯೇ ಆಗಿಹೋಯಿತು, ಸ್ಲೈಗೋದಲ್ಲಿ, ಲಿಮರಿಕ್‌ನಲ್ಲಿ, ಕೆಂಪು ಕೂದಲಿನ ಹುಡುಗರ ಬಾಯಲ್ಲಿ ಗದಗಿನ ಶಾಲೆಯ ಎಣಿಕೆ. ಖುಷಿ ಅಂದರೆ ಅದು.

ಈಗ ಕೋಲ್ಕತ್ತಾದ ಕಂಪನಿ ಆಲ್ಬಮ್ ಮತ್ತೆ ತರುತ್ತಿದೆ, ಇವತ್ತಿನ ಶೋ ಚಿತ್ರೀಕರಿಸುತ್ತಿರುವುದು ಅದಕ್ಕೇ, ಹಾಡುಗಳು ಶುದ್ಧ ಬಂಗಾಳಿಯಲ್ಲಿರಲಿ, ಆರಂಭದ ಸಂಬಂಧವಿಲ್ಲದ ಕೂಗನ್ನು ತೆಗೆಯಿರಿ ಅಂತ ಇಮೇಲ್. ಸಂಬಂಧವಿಲ್ಲದ ಕೂಗು. ಹೇಮಚಂದ್ರ ಫೋನಿನಲ್ಲಿ ಓದಿ ಹೇಳಿದ, ಹತ್ತು ವರ್ಷ ಕಾದ ಅವಕಾಶ ಇಸ್ಮತ್, ನಿನಗೆ ಪರವಾಗಿಲ್ಲವಾ ಅಂದ, ನಾನು ಗ್ರ್ಯಾಂಡ್ ಅಂದೆ. ಸುಳ್ಳೇಕೆ, ಬೇಜಾರಾಯಿತು. ತುಂಬ ಬೇಜಾರಾಯಿತು. ಇಡೀ ಬ್ಯಾಂಡಿನಲ್ಲಿ ನನ್ನದು ಅಂತ ಇದ್ದದ್ದು ನಾಲ್ಕು ಪದ, ಮಿಕ್ಕದ್ದೆಲ್ಲ ಅವನ ಊರು, ಅವನ ನದಿ, ಅವನ ಬಸ್ಸು, ಮೂರು ದಿನ ಕಾರ್ಖಾನೆಯಲ್ಲಿ ಬಿಳಿ ಅಂಗಿ ತೊಟ್ಟು ಚಿಪ್ ಇಟ್ಟ ತಟ್ಟೆ ಎಣಿಸುವಾಗಲೂ ನಾಲ್ಕಕ್ಕೇ ನಿಂತು ಮತ್ತೆ ಮೊದಲಿನಿಂದ ಎಣಿಸಿದೆ. ಬೆಳಿಗ್ಗೆ ಕಾರಿನಲ್ಲಿ ಜಿಕ್ರಾಗೆ ಹೇಳಿದೆ, ಇವತ್ತು ಅಮ್ಮಿ ಎಣಿಸೋದಿಲ್ಲ ಬೇಟಾ, ಮಷೀನ್ ಎಣಿಸುತ್ತೆ. ಅವಳು ಕಿಟಕಿ ನೋಡುತ್ತಲೇ, ಮಾಮ್, ದ್ಯಾಟ್ಸ್ ದ ಓನ್ಲಿ ಬಿಟ್ ಐ ಅಂಡರ್‌ಸ್ಟ್ಯಾಂಡ್ ಅಂದಳು, ನನಗೆ ಅರ್ಥವಾಗುವುದು ಅದೊಂದೇ ಅಂತ, ಅಪ್ಪಟ ಐರಿಷ್ ದನಿಯಲ್ಲಿ. ನಾನು ರೇಡಿಯೋ ಹಚ್ಚಿದೆ.

ಎಲ್ಲಿದ್ದಾಳೆ ಅವಳು, ಅಲ್ಲಿ, ಮೂರನೇ ಸಾಲು, ಪಕ್ಕದಲ್ಲಿ ಹಳದಿ ರೇನ್‌ಕೋಟ್, ಇಷ್ಟು ಬಿಸಿಲಲ್ಲೂ ಬ್ರೀಡಾ ಅದನ್ನು ಬಿಚ್ಚುವುದಿಲ್ಲ, ಆಕಾಶವನ್ನು ಅವಳು ನಂಬಿದವಳೇ ಅಲ್ಲ — ಹೇಮಚಂದ್ರ ಮೈಕಿನ ಹತ್ತಿರ ಹೋದ, ಬಾಸ್ ಆಶ್ಬೇ ಅಂದ, ಅಷ್ಟೇ, ಇಡೀ ಬಯಲಿನ ಕೈ ಮೇಲೆ, ಬೆರಳು, ಬೆರಳು, ಸಾವಿರ ನಾಲ್ಕು ಬೆರಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನೋಡಬೇಡಿ, ಮೈಕ್ ಇಲ್ಲ, ದೀಪ ಹಸಿರಾಯಿತು, ಟಿಕ್, ಟಿಕ್, ಎಷ್ಟು ಸಣ್ಣ ಸದ್ದು, ಟಿಕ್, ಟಿಕ್ — ಐದನೆಯದು. ಕೋಲು ಗಾಳಿಯಲ್ಲೇ ಇದೆ. ಕೈ ಇಳಿಯುತ್ತಿಲ್ಲ. ಇಳಿ, ಇಳಿಯೇ ಮಹಾರಾಯ್ತಿ, ಕ್ಯಾಮೆರಾ ಓಡುತ್ತಿದೆ, ಹತ್ತು ವರ್ಷದ ಅವಕಾಶ, ಮಣಿಕಟ್ಟು ಮಾತು ಕೇಳುತ್ತಿಲ್ಲ, ಅದಕ್ಕೆ ಆ ಟಿಕ್ ಎಣಿಕೆ ಅಂತಲೇ ಅನ್ನಿಸಿಲ್ಲ, ಹೇಮಚಂದ್ರನೂ ಹಾಡಿಲ್ಲ, ಅವನ ಕಿವಿಗೂ ಅದೇ ಟಿಕ್ ಬಿದ್ದಿದೆ, ಬಾಯಿ ತೆರೆದಿದ್ದಾನೆ, ದನಿಯಿಲ್ಲ, ತಿರುಗಿ ನೋಡಿದ. ಎಲ್ಲ ಸುಮ್ಮನೆ. ಆ ಸುಮ್ಮನಿರುವಲ್ಲಿ ಮೂರನೇ ಸಾಲಿನಿಂದ ಒಡಕು ದನಿ, ಒಂಡೂ, ಬ್ರೀಡಾ, ಜೊತೆಗೆ ಇನ್ನೊಂದು, ಸಣ್ಣದು, ತಪ್ಪಿಲ್ಲದ್ದು, ಎರಡು ಅಂತ, ನನ್ನ ಮಗಳು, ನನ್ನ ಜಿಕ್ರಾ, ಆಮೇಲೆ ಇಡೀ ಬಯಲು. ಹೇಮಚಂದ್ರ ನಗುತ್ತಿದ್ದಾನೆ, ಕಿವಿಯ ಬೀಜ ಕಿತ್ತು ಜೇಬಿಗೆ ಹಾಕಿದ, ತನ್ನ ಮೈಕನ್ನೇ ಕಂಬದ ಸಮೇತ ಎಳೆದುಕೊಂಡು ಬರುತ್ತಿದ್ದಾನೆ, ವೈರು ವಿನೋದಿನಿಯ ಬೂಟಿಗೆ ಸುತ್ತಿಕೊಂಡಿತು, ಅವಳು ಕುಣಿದು ಬಿಡಿಸಿಕೊಂಡಳು, ಮೈಕ್ ನನ್ನ ಬಾಯಿಗೇ ತಂದು ಹಿಡಿದ, ಹನ್ನೊಂದು ವರ್ಷದಲ್ಲಿ ಅವನು ಕಲಿತ ಕನ್ನಡ ನಾಲ್ಕೇ ಪದ, ಅದರಲ್ಲಿ ಮೊದಲನೆಯದನ್ನು ಹೇಳಿದ, ಕೇಳುವ ಹಾಗೆ, ಒಂದು? ಹೇಳುತ್ತೇನೆ, ಇರು, ಕಣ್ಣು ಮಂಜಾಗಿದೆ, ಬಿಸಿಲಿಗೆ ಅಲ್ಲ, ಹೇಳುತ್ತೇನೆ, ಹಳದಿ ತೋಳು ಇನ್ನೂ ಮೇಲಿದೆ, ಇಳಿಸಿಲ್ಲ, ಬೆರಳು, ಮೂರು ನೆಟ್ಟಗೆ, ಒಂದು ಕೊಂಕಿ, ಬೆರಳು, ಮೂರು ನೆಟ್ಟಗೆ, ಒಂದು —