ಹತ್ತು ಮಂದಿಗೆ ಅಪ್ಪಣೆ

ನಾದಿಯಾ ಹೆಸರು ಮಗಳ ಬಾಯಿಂದ ಬಿದ್ದದ್ದೇ ತಡ, ತೆಕ್ಲಾ ಒಲೆಯ ಬಾಗಿಲನ್ನು ದಡಾರನೆ ಮುಚ್ಚಿದಳು. ಒಳಗೆ ಬೇಯುತ್ತಿದ್ದ, ಜಡೆಯಂತೆ ಹೆಣೆದ ಬ್ರೆಡ್ಡು ಕುಸಿದರೆ ಕುಸಿಯಲಿ ಎನ್ನುವಂಥ ಏಟು. ಗಂಡನ ಶವಪೆಟ್ಟಿಗೆಯ ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟು ಮೇಣದಬತ್ತಿ ಸಿಕ್ಕಿಸಬೇಕಾದ ಮೂರು ಬ್ರೆಡ್ಡುಗಳಲ್ಲಿ ಅದು ಕೊನೆಯದು.

"ಇಲ್ಲ ಅಂದ್ರೆ ಇಲ್ಲ. ಸರ್ಕಾರ ಹತ್ತೇ ಜನ ಅಂದಿದೆ, ನಾನೇನು ಮಾಡ್ಲಿ?"

"ಅಮ್ಮ, ಸರ್ಕಾರ ಹತ್ತು ಅಂದಿದೆ. ನಾದಿಯಾ ಬೇಡ ಅಂತ ಎಲ್ಲೂ ಅಂದಿಲ್ಲ," ಎಂದಳು ಡಾರ್ಲೀನ್.

"ನೀನೇ ಎಣಿಸ್ಕೋ. ಫಾದರ್ ಒಬ್ರು. ಪೆಟ್ಟಿಗೆ ತರೋ ಲಾಯ್ಡ್ ಒಬ್ಬ. ಹೊರೋದಕ್ಕೆ ಆರು ಗಂಡಸರು. ನೀನು, ನಾನು. ಆಯ್ತಲ್ಲ ಹತ್ತು?"

"ಆ ಆರರಲ್ಲಿ ಹ್ಯಾರಿ ಚಿಕ್ಕಪ್ಪನ ಮಗ ಯಾಕಮ್ಮ? ಅವನು ಅಪ್ಪನ ಮುಖ ನೋಡಿ ಯಾವ ಕಾಲ ಆಯ್ತೋ."

"ಅವನಿಗೆ ಭುಜ ಇದೆ. ನಾದಿಯಾಗೆ ಏನಿದೆ? ಗಂಟಲು!"

ಡಾರ್ಲೀನ್ ಪಾತ್ರೆ ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಅಪ್ಪ ಸತ್ತ ಮನೆಯಲ್ಲಿ ಅಮ್ಮನ ಜೊತೆ ವಾದ ಮಾಡುವುದು ಬೇಡ ಎಂದುಕೊಂಡಳೋ ಏನೋ. ತೆಕ್ಲಾ ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಊರಿಗೆ ಊರೇ ಸರ್ಕಾರಕ್ಕೆ ಹಿಡಿಶಾಪ ಹಾಕುತ್ತಿದ್ದ ವಾರ ಅದು. ಗಂಡಸರು ಬೆಳಗಾದರೆ ಕಾಫಿಗೆ ಕೂತು ಲೋಕದ ಪಂಚಾಯ್ತಿ ಮಾಡುತ್ತಿದ್ದ ಸೊಸೈಟಿ ಅಂಗಡಿಯ ಮೂಲೆಗೆ ಹಗ್ಗ ಕಟ್ಟಿದ್ದರು. ಶಾಲೆಗೆ ಬೀಗ, ಐಸ್ ಹಾಕಿ ಆಡುವ ಮೈದಾನಕ್ಕೆ ಬೀಗ. ಯಾರೇ ಸತ್ತರೂ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿ ಊರಿಗೆಲ್ಲ ಬಡಿಸುವ ಪದ್ಧತಿಯಿತ್ತು; ಅದಕ್ಕೂ ಕಲ್ಲು ಬಿತ್ತು. ಹೀಗೆ ಎಲ್ಲರೂ ಹಲ್ಲು ಕಡಿಯುತ್ತಿದ್ದಾಗ, ಒಳಗೊಳಗೇ ಸರ್ಕಾರಕ್ಕೆ ಕೈ ಮುಗಿದವಳು ತೆಕ್ಲಾ ಒಬ್ಬಳೇ. ನಲವತ್ತು ವರ್ಷ ತಾನು ಬಾಯಿಬಿಟ್ಟು ಹೇಳಲಾಗದ ಮಾತನ್ನು ಸರ್ಕಾರ ಅವಳ ಪರವಾಗಿ ಹೇಳಿತ್ತು.

*

ನೆಸ್ಟರ್ ಸತ್ತದ್ದು ಆ ಹೊಸ ರೋಗದಿಂದಲ್ಲ, ಹಳೆಯ ಹೃದಯದಿಂದ. ಆದರೂ ನಗರದ ಆಸ್ಪತ್ರೆಯವರು ತೆಕ್ಲಾಳನ್ನು ಬಾಗಿಲಲ್ಲೇ ತಡೆದರು. ಯಾರನ್ನೂ ಬಿಡಬಾರದೆಂದು ಮೇಲಿಂದ ಆಜ್ಞೆ. ಅವನ ಪೈಜಾಮ, ಚಪ್ಪಲಿ ಇದ್ದ ಚೀಲವನ್ನು ನರ್ಸಿನ ಕೈಗೆ ಕೊಟ್ಟು ಅವಳು ಹಿಮದಲ್ಲಿ ಕಾರು ಓಡಿಸಿಕೊಂಡು ವಾಪಸು ಬಂದಳು.

ಮಂಗಳವಾರ ಸಂಜೆ ನರ್ಸು ಫೋನು ಮಾಡಿ ಅವನ ಕಿವಿಗಿಟ್ಟಳು.

"ತೆಕ್ಲಾ, ನಾದಿಯಾಗೆ ಹೇಳ್ಬಿಡು. ಹಾಡೋದಕ್ಕೆ ಅವಳು ಬರ್ಬೇಕು."

"ಏನೂ ಆಗಲ್ಲ ನಿನಗೆ. ಸುಮ್ನೆ ಮಲ್ಕೋ."

"ಹೇಳ್ತೀಯ ತಾನೇ?"

"ಹೇಳ್ತೀನಿ."

ಅಷ್ಟೇ ಮಾತು. ಬೆಳಗಿನ ಜಾವ ಅವನು ಹೋಗಿಬಿಟ್ಟ. ನಲವತ್ತೊಂಬತ್ತು ವರ್ಷ ಅವನಿಗೆ ಬೇಯಿಸಿ ಹಾಕಿ, ಬಟ್ಟೆ ಒಗೆದು, ಅವನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನ ಗಾಜಿನ ಮೇಲಿನ ಹಿಮ ಕೆರೆದು ಸಾಕಾಗಿದ್ದವಳಿಗೆ ಅವನ ಬಾಯಿಂದ ಕೊನೆಗೆ ಸಿಕ್ಕಿದ್ದು ಇನ್ನೊಬ್ಬಳ ಹೆಸರು. ಬೆಕ್ಕಿಗೆ ಹಾಲು ಹಾಕಿದೆಯಾ ಎಂದು ಕೇಳಿದ್ದರೂ ಅವಳಿಗೆ ಸಾಕಿತ್ತು. ಅವಳು ಅತ್ತಳು, ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ನಾದಿಯಾಗೆ ಮಾತ್ರ ಹೇಳಲಿಲ್ಲ.

*

ಶನಿವಾರ ಚರ್ಚಿನ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಬಿಡದಿದ್ದರೆ ಬೇಡ, ಕಾರಲ್ಲೇ ಕೂತು ಕಳಿಸಿಕೊಡುತ್ತೇವೆ ಎಂದು ಊರಿನವರು ಬಂದಿದ್ದರು. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ನೆಸ್ಟರನ ಬಸ್ಸಿನಲ್ಲಿ ಮೂಗು ಸುರಿಸಿಕೊಂಡು ಕೂತವರೇ. ಗಾಳಿ ಸುಯ್ಯೆಂದು ಬೀಸುತ್ತಿದ್ದರೂ ಮಾತಿಗೆ ಬೇಕೆಂದು ಕಿಟಕಿ ಇಳಿಸಿಕೊಂಡಿದ್ದರು.

"ಸಾರಾಯಿ ಅಂಗಡಿ ತೆರೆದಿದೆ, ದೇವರ ಮನೆಗೆ ಲೆಕ್ಕ! ಇದ್ಯಾವ ನ್ಯಾಯ ಹೇಳಿ?" ಎಂದು ಒಬ್ಬ ಕೂಗಿದ.

"ಮುಂದಿನ ವಾರ ಐದೇ ಜನ ಅಂತೆ. ಆಮೇಲೆ ಅಡುಗೆಮನೆಗೇ ಬಂದು ತಲೆ ಎಣಿಸ್ತಾರೆ ನೋಡ್ತಾ ಇರಿ."

"ಸುಮ್ನಿರ್ರೀ," ಎಂದು ಪಕ್ಕದ ಕಾರಿನ ಹೆಂಗಸು ಗದರಿದಳು. "ಇಟಲೀಲಿ ಲಾರಿಯಲ್ಲಿ ಹೆಣ ಸಾಗಿಸ್ತಿದಾರೆ. ಟೀವಿ ನೋಡಲ್ವಾ ನೀವು?"

"ನೋಡ್ತೀನಮ್ಮ. ಅದಕ್ಕೇ ನಿದ್ದೆ ಇಲ್ಲ."

ನೆಸ್ಟರನ ತಮ್ಮ ಹ್ಯಾರಿ ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದವನು ಅಲ್ಲಿಂದಲೇ ಹೇಳಿದ: "ಅತ್ತಿಗೆ, ಅಣ್ಣನ್ನೂ ಸೇರಿಸಿದ್ರೆ ಹನ್ನೊಂದಾಗ್ತೀವಿ. ಲಾಯ್ಡ್‌ಗೆ ಹೇಳ್ಬೇಡ!" ಕಿವಿ ಮಂದವಾದ್ದರಿಂದ ಅವನು ಪಿಸುಮಾತೆಂದು ಆಡಿದ್ದು ಕಾರುಗಳ ಕೊನೆಯ ಸಾಲಿಗೂ ಕೇಳಿಸಿತು. ಕೆಲವರು ನಕ್ಕು, ನಕ್ಕದ್ದಕ್ಕೆ ನಾಚಿ ಕಿಟಕಿ ಏರಿಸಿದರು.

ಲಾಯ್ಡ್ ನಗಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಬೆರಳಲ್ಲಿ ಎಣಿಸಿ ಒಳಗೆ ಬಿಡುತ್ತಿದ್ದ. "ಒಬ್ರಿಗೂ ಒಬ್ರಿಗೂ ನಡುವೆ ಹಾಕಿ ಆಡೋ ಕೋಲಿನಷ್ಟು ಜಾಗ ಬಿಡಿ. ನನ್ನ ಲೈಸೆನ್ಸ್ ಹೋಗ್ತದೆ, ದಯವಿಟ್ಟು."

ಸಾಲಿನ ತುದಿಯಲ್ಲಿ ನಾದಿಯಾಳ ನೀಲಿ ಕಾರು. ಬೂದು ಕೋಟು, ತಲೆಗೆ ಕಪ್ಪು ವಸ್ತ್ರ, ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು. ತೆಕ್ಲಾ ನೋಡಿಯೂ ನೋಡದವಳಂತೆ ಮೆಟ್ಟಿಲು ಹತ್ತಿದಳು. ಕೂರು ಅಲ್ಲೇ, ಎಂದುಕೊಂಡಳು. ಇವತ್ತು ಒಂದು ದಿನ ಅವನು ನನ್ನವನು.

*

ನಾದಿಯಾ ಅಂಚೆ ಕಚೇರಿಯಲ್ಲಿದ್ದವಳು, ಮದುವೆಯಾಗಲಿಲ್ಲ. ಇವರ ಚರ್ಚಿನಲ್ಲಿ ವಾದ್ಯವಿಲ್ಲ, ಬಾಯಲ್ಲಿ ಓದುವುದೂ ಕಡಿಮೆ, ಎಲ್ಲವೂ ಹಾಡು. ಪಾದ್ರಿ ಒಂದು ಸಾಲು ಎತ್ತಿದರೆ ಮರುಸಾಲು ಹಾಡುವವನೊಬ್ಬ ಬೇಕು. ಮರುಸಾಲು ನೆಸ್ಟರನದು, ಅವನ ರಾಗಕ್ಕೆ ಕೆಳಗಿನ ಜೊತೆದನಿ ನಾದಿಯಾಳದು. ಗುರುವಾರ ಸಂಜೆ ಇಬ್ಬರೂ ಚರ್ಚಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಮನೆಯಲ್ಲಿ ಬೀಟ್‌ರೂಟ್ ಸಾರು ಆರುತ್ತಿತ್ತು, ತೆಕ್ಲಾ ಕುದಿಯುತ್ತಿದ್ದಳು.

ಒಂದು ಗುರುವಾರ ತಡೆಯಲಾರದೆ ಕೋಟು ಹೊದ್ದು ಹೊರಟೇಬಿಟ್ಟಳು. ಇವತ್ತು ಕೈಗೆ ಸಿಗಲಿ, ಜುಟ್ಟು ಹಿಡಿದು ಬೀದಿಗೆ ಎಳೆಯುತ್ತೇನೆ ಎಂದು ಹಲ್ಲು ಕಚ್ಚಿ, ಚರ್ಚಿನ ಬಾಗಿಲನ್ನು ಒಂದು ಬೆರಳಷ್ಟು ತೆರೆದು ನೋಡಿದಳು. ಅವನು ಅಲ್ಲಿ, ಅವಳು ಇಲ್ಲಿ, ಇಬ್ಬರೂ ದೇವರ ಪಟದ ಕಡೆಗೆ ಮುಖ ಮಾಡಿ ನಿಂತಿದ್ದರು. ಒಬ್ಬರನ್ನೊಬ್ಬರು ನೋಡುತ್ತಲೂ ಇರಲಿಲ್ಲ. ಅವನು ಉಸಿರೆಳೆದುಕೊಂಡರೆ ಅವಳೂ ಎಳೆದುಕೊಳ್ಳುತ್ತಿದ್ದಳು. ಅಷ್ಟೇ.

ತೆಕ್ಲಾ ಸದ್ದಿಲ್ಲದೆ ಬಾಗಿಲು ಮುಚ್ಚಿ ಬಂದಳು. ತಬ್ಬಿಕೊಂಡಿದ್ದರೆ ಕೂಗಾಡಬಹುದಿತ್ತು, ತವರಿಗೆ ಹೋಗಬಹುದಿತ್ತು, ಪಾದ್ರಿಗೆ ದೂರು ಕೊಡಬಹುದಿತ್ತು. ಒಟ್ಟಿಗೆ ಉಸಿರೆಳೆದುಕೊಂಡರು ಎಂದು ಯಾರಿಗೆ ಹೋಗಿ ಹೇಳುವುದು? ಹೇಳಿದರೆ ಜನ ನಗುವುದಿಲ್ಲವೇ? ಆ ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನೆಸ್ಟರ್ ಎರಡನೇ ಸಲ ಹಾಕಿಸಿಕೊಂಡು ತಿಂದು ಮಲಗಿದ.

*

ಫಾದರ್ ಇಹೋರ್ ಹೊಸಬರು, ಐದು ಊರಿನ ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುವವರು. ಧೂಪ ತೂಗಿ ಮೊದಲ ಸಾಲು ಎತ್ತಿದರು. ಎತ್ತಿ, ನಿಲ್ಲಿಸಿ, ಎಡಗಡೆಗೆ ನೋಡಿದರು.

ಅಲ್ಲಿ ಯಾರೂ ಇರಲಿಲ್ಲ.

ಹತ್ತು ಮಂದಿಯನ್ನು ಎಣಿಸುವಾಗ ಹಾಡುವವನನ್ನು ಎಣಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಾಡುವವನು ಯಾವತ್ತೂ ತಾನಾಗಿ ಬಂದು ನಿಂತಿರುತ್ತಿದ್ದ. ಈಗ ಅವನು ಪೆಟ್ಟಿಗೆಯಲ್ಲಿ ಕೋಟು ತೊಟ್ಟು ಮಲಗಿದ್ದ. ಹೊಳೆದದ್ದು ತೆಕ್ಲಾ ಒಬ್ಬಳಿಗೇ. ಪಾದ್ರಿ ತಾನೇ ಎರಡೂ ಹಾಡಿಕೊಂಡರಾಯ್ತು, ಅದೇನು ಮಹಾ ಎಂದು ಸುಮ್ಮನಿದ್ದಳು.

ಪಾದ್ರಿ ಎರಡನೇ ಸಾಲು ಎತ್ತಿದರು. ಮಕ್ಕಳು ಪಟ್ಟಣ ಸೇರಿದವರು, ಮೊಮ್ಮಕ್ಕಳು ಅಲ್ಲೇ ಬೆಳೆದವರು. ಅಜ್ಜಂದಿರ ಕಾಲದ ಈ ಹಾಡಿನ ಭಾಷೆಯೇ ಅವರ ನಾಲಿಗೆಗೆ ಬಾರದು. ಡಾರ್ಲೀನ್ ಏನೋ ಗೊಣಗಿ ತಲೆತಗ್ಗಿಸಿದಳು. ಹ್ಯಾರಿ ಎಲ್ಲಿಂದಲೋ ಒಂದು "ಆಮೆನ್" ಒಗೆದ. ಅದು ಜಾಗವಲ್ಲದ ಜಾಗದಲ್ಲಿ ಬಿತ್ತು. ಊರಿನ ಅರ್ಧಕ್ಕರ್ಧ ಜನರನ್ನು ಹಾಡಿ ಮಣ್ಣಿಗೆ ಕಳಿಸಿದ ಮನುಷ್ಯ, ತನಗೆ ಒಂದು ಮರುಸಾಲು ಇಲ್ಲದೆ ಮಲಗಿದ್ದ. ತೆಕ್ಲಾ ಅವನ ಮುಖ ನೋಡಿದಳು. ಅಯ್ಯೋ ದೇವರೇ, ಇಷ್ಟು ಕೆಟ್ಟದಾಗಿರುತ್ತದೆಂದು ಅವಳು ಎಣಿಸಿರಲಿಲ್ಲ.

"ಹಾಡೋರು ಎಲ್ಲಮ್ಮಾ?" ಪಾದ್ರಿ ತಗ್ಗಿದ ದನಿಯಲ್ಲಿ ಕೇಳಿದರು. "ಆ ನಾದಿಯಾ ಅನ್ನೋರು ಬರ್ಲಿಲ್ವಾ?"

"ಹೊರಗಿದಾರೆ, ಕಾರಲ್ಲಿ," ಎಂದಳು ಡಾರ್ಲೀನ್, ಅಮ್ಮನ ಕಡೆ ನೋಡದೆ.

ಲಾಯ್ಡ್ ಗಾಬರಿಯಾದ. "ಒಬ್ರು ಬಂದ್ರೆ ಒಬ್ರು ಹೋಗ್ಬೇಕು. ಹನ್ನೊಂದು ಮಾತ್ರ ನನ್ನ ಕೈಲಿ ಆಗಲ್ಲ."

"ನಾನು ಹೋಗ್ತೀನಿ," ಎಂದ ಹ್ಯಾರಿಯ ಮಗ. ಮೊಮ್ಮಗನೂ ಎದ್ದ. ಅಷ್ಟರಲ್ಲಿ ತೆಕ್ಲಾ ಎದ್ದು ನಿಂತಾಗಿತ್ತು.

"ಯಾರೂ ಏಳ್ಬೇಡಿ. ಅವಳು ಒಳಗೆ ಬಂದ್ರೆ ನಾನು ಹೊರಗೆ."

"ಅಮ್ಮ, ಹುಚ್ಚಾ ನಿನಗೆ? ಅಪ್ಪನ ಕೆಲಸ ಇದು!"

"ನಿಮ್ಮಪ್ಪನೇ ಕರೆಸು ಅಂದಿದ್ದು. ಕರೆಸ್ತೀನಿ. ಆದ್ರೆ ಭಾನುವಾರ ಭಾನುವಾರ ಕೂತ ಹಾಗೆ ಅವಳ ಹಾಡು ಕೇಳಿಕೊಂಡು ಇವತ್ತೂ ಇಲ್ಲಿ ಬೆಂಚಿಗೆ ಅಂಟಿಕೊಂಡು ಕೂರು ಅಂದ್ರೆ ನನ್ನಿಂದ ಆಗಲ್ಲ."

ಯಾರು ಕರೆದರೂ ತಿರುಗದೆ ಹೊರಗೆ ನಡೆದಳು. ಮೆಟ್ಟಿಲ ಮೇಲೆ ನಿಂತು ನೀಲಿ ಕಾರಿಗೆ ಕೈಮಾಡಿದಳು. ಕಾರುಗಳ ಕಿಟಕಿಗಳು ಒಂದೊಂದಾಗಿ ಇಳಿದವು. ಗಂಡನ ಶವಸಂಸ್ಕಾರದಿಂದ ಹೆಂಡತಿ ಎದ್ದುಬಂದದ್ದನ್ನು ಈ ಊರು ಕಂಡಿರಲಿಲ್ಲ.

ನಾದಿಯಾ ಬಂದು ಮೆಟ್ಟಿಲ ಕೆಳಗೆ ದೂರದಲ್ಲೇ ನಿಂತಳು. "ಏನಾಯ್ತು ತೆಕ್ಲಾ?"

"ಹೋಗು ಒಳಗೆ. ಹಾಡು. ಅವನು ಕೇಳಿದ್ದ."

"ಯಾವಾಗ?"

"ಮಂಗಳವಾರ."

ನಾದಿಯಾ ಅವಳನ್ನೇ ನೋಡಿದಳು. ಇವತ್ತು ಶನಿವಾರ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ತೆಕ್ಲಾಗೆ ಒಂದು ಜಗಳವಾದರೂ ಸಿಗುತ್ತಿತ್ತು.

"ಮತ್ತೆ ನೀನು?"

"ನಿನ್ನ ಜಾಗಕ್ಕೆ ನಾನು ಬಂದಿದೀನಿ ಅಂತ ತಿಳ್ಕೋ. ಹೋಗು, ಚಳಿ ಒಳಗೆ ಹೋಗ್ತಿದೆ."

ನಾದಿಯಾ ಗೋಡೆಗೆ ಒತ್ತಿಕೊಂಡು, ಅಂತರ ಬಿಟ್ಟು, ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

*

ಪಾದ್ರಿ ಮತ್ತೆ ಮೊದಲಿನಿಂದ ಎತ್ತಿದರು. ಈ ಸಲ ಮರುಸಾಲು ಬಂತು. ತೆಕ್ಲಾ ಕೋಟಿನ ಕಾಲರು ಹಿಡಿದುಕೊಂಡು ಗೋಡೆಗೆ ಒರಗಿದಳು. ಹಾಡಲಿ, ಹೊಟ್ಟೆ ತುಂಬ ಹಾಡಿಕೊಳ್ಳಲಿ. ಗೆದ್ದಳಲ್ಲ ಕೊನೆಗೂ.

ಆದರೆ ಹಾಡಿನಲ್ಲಿ ಏನೋ ಕೊರತೆಯಿತ್ತು. ಕೇಳುತ್ತ ಕೇಳುತ್ತ ತೆಕ್ಲಾಗೆ ತಿಳಿಯಿತು: ನಾದಿಯಾ ತನ್ನ ಜೊತೆದನಿಯನ್ನು ಮಾತ್ರ ಹಾಡುತ್ತಿದ್ದಳು. ಮೇಲಿನ ರಾಗ ನೆಸ್ಟರನದು. ಅವನು ಎತ್ತಿದ ಮೇಲೆ ಇವಳು ಸೇರಿಕೊಳ್ಳುವುದು, ನಲವತ್ತು ವರ್ಷದ ರೂಢಿ. ಈಗ ಎತ್ತುವವನಿಲ್ಲ. ಪ್ರತಿ ಸಾಲಿನ ಮೊದಲಲ್ಲೂ ಅವಳು ಒಂದು ಉಸಿರಿನಷ್ಟು ಕಾಯುತ್ತಿದ್ದಳು, ಏನೂ ಬಾರದೆ ತಡವರಿಸಿ ಕೆಳಗಿನ ದನಿಯಲ್ಲಿ ಹೊರಡುತ್ತಿದ್ದಳು. ಮೂರನೇ ಸಾಲಿಗೆ ಅವಳ ಗಂಟಲು ಒಡೆಯಿತು. ನಾಲ್ಕನೆಯದು ಅರ್ಧಕ್ಕೇ ನಿಂತಿತು.

ಅಯ್ಯೋ ಇವಳ, ಎಂದುಕೊಂಡಳು ತೆಕ್ಲಾ. ಇವಳಿಗೆ ರಾಗವೇ ಬರುವುದಿಲ್ಲ!

ರಾಗ ತೆಕ್ಲಾಗೆ ಬರುತ್ತಿತ್ತು. ಬಾರದೆ ಏನು? ನೆಸ್ಟರ್ ದಾಡಿ ಕೆರೆಯುವಾಗ ಅದೇ, ಬಸ್ಸು ತೊಳೆಯುವಾಗ ಅದೇ, ಬೂಟು ಕಟ್ಟುವಾಗ ಅದೇ. ಬೆಳಗಿನಿಂದ ಬೈಗಿನವರೆಗೂ ಆ ರಾಗ ಅವಳ ಅಡುಗೆಮನೆಯಲ್ಲಿ ನೊಣದ ಹಾಗೆ ಸುತ್ತುತ್ತಿತ್ತು. ಸಾಕು ನಿಲ್ಲಿಸೋ ಎಂದು ಅವಳು ಎಷ್ಟು ಸಲ ಕೂಗಿದ್ದಳೋ. ನಾದಿಯಾಗೆ ಸಿಕ್ಕಿದ್ದು ಗುರುವಾರ, ಭಾನುವಾರ. ಉಳಿದ ಐದು ದಿನ ತೆಕ್ಲಾಳದು. ಆದರೆ ಇವಳ ಗಂಟಲಿಗೆ ಶ್ರುತಿ ಸೇರದು. ಮದುವೆಯಾದ ಹೊಸತರಲ್ಲಿ ನೆಸ್ಟರನೇ ಕಿವಿಯಲ್ಲಿ ಹೇಳಿದ್ದ, ನೀನು ಸುಮ್ಮನೆ ತುಟಿ ಆಡಿಸು ಸಾಕು ಎಂದು. ಅವಳು ಹಾಗೇ ಮಾಡಿಕೊಂಡು ಬಂದಿದ್ದಳು.

ಒಳಗೆ ಪಾದ್ರಿ ಕಾಯುತ್ತಿದ್ದರು. ನಾದಿಯಾಳ ಬಿಕ್ಕು ಕೇಳಿಸಿತು. ಅವನಿಗಾಗಿ ಅವಳೊಬ್ಬಳೇ ಎಲ್ಲರ ಮುಂದೆ ಅಳುವುದೇ? ತೆಕ್ಲಾಗೆ ಮೈಯೆಲ್ಲ ಉರಿಯಿತು. ಬಾಗಿಲು ತಳ್ಳಿ, ಉಸಿರೆಳೆದುಕೊಂಡು, ನಿಂತಿದ್ದ ಸಾಲನ್ನು ಮೊದಲಿನಿಂದ ಎತ್ತಿದಳು.

ಎಂಥ ದನಿ! ಕೀಲಿಗೆ ಎಣ್ಣೆ ಕಾಣದ ಗೇಟಿನ ಹಾಗೆ. ಡಾರ್ಲೀನ್ ಕಣ್ಣು ಮುಚ್ಚಿಕೊಂಡಳು. ಹ್ಯಾರಿ ಕಿವಿಯ ಯಂತ್ರವನ್ನು ತಟ್ಟಿ ನೋಡಿಕೊಂಡ. ಆದರೆ ರಾಗ ಸರಿಯಿತ್ತು. ನೆಸ್ಟರ್ ಎಲ್ಲಿ ಎಳೆಯುತ್ತಿದ್ದನೋ ಅಲ್ಲಿ ಎಳೆದಳು, ಎಲ್ಲಿ ಬಿಡುತ್ತಿದ್ದನೋ ಅಲ್ಲಿ ಬಿಟ್ಟಳು. ಕೆಳಗಿನಿಂದ, ನಡುಗುತ್ತ, ಜೊತೆದನಿ ಬಂದು ಸೇರಿಕೊಂಡಿತು.

ಸಾಲು ಮುಗಿಯಿತು. ಪಾದ್ರಿ ತಮ್ಮದನ್ನು ಹಾಡಿದರು. ಲಾಯ್ಡ್ ತೆಕ್ಲಾಳ ಬೂಟುಗಳನ್ನು ನೋಡಿದ: ಒಂದು ಹೊಸ್ತಿಲ ಒಳಗೆ, ಒಂದು ಹೊರಗೆ ಹಿಮದಲ್ಲಿ. ಬೆರಳು ಮಡಚಿ ಎಣಿಸಲು ಹೊರಟವನು, ಕೈ ಬಿಟ್ಟು ಗೋಡೆಯ ಕಡೆ ತಿರುಗಿದ. ನಾದಿಯಾ ಹಿಂದಿರುಗಿ ನೋಡಲಿಲ್ಲ. ದೇವರ ಪಟದ ಕಡೆಗೆ ಮುಖ ಮಾಡಿ ನಿಂತು, ತೆಕ್ಲಾ ಉಸಿರೆಳೆದುಕೊಳ್ಳಲಿ ಎಂದು ಕಾಯುತ್ತಿದ್ದಳು.