ಹಾಟ್‌ಬಾಕ್ಸಿನಲ್ಲಿ ರೇಷ್ಮೆಗೂಡು

ಅಕ್ಕಯಮ್ಮನಿಗೆ ಸಿಟ್ಟು ಬಂದಿದ್ದು ಕಾಯಿಲೆ ಬಂತು ಅಂತಲ್ಲ. ಅರವತ್ತಾರು ವರ್ಷದ ಮೈಗೆ ಏನಾದ್ರೂ ಬರ್ಲಿ, ಬೇಡ ಅಂದೋರ್ಯಾರು? ಅವಳು ಬಾಯಿಬಿಟ್ಟು ಹೇಳಿದ್ದನ್ನ ಎಂಟು ತಿಂಗಳಿಂದ ಒಬ್ಬರೂ ನಂಬಲಿಲ್ಲವಲ್ಲ, ಅದಕ್ಕೆ ಅವಳ ಮೈಯೆಲ್ಲ ಉರೀತಿತ್ತು.

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚೋ ಬೇಸಿನ್ ಮುಂದೆ ಮೂವತ್ತೆಂಟು ವರ್ಷ ಕೂತ ಹೆಂಗಸು ಅವಳು. ಬಿಸಿನೀರಲ್ಲಿ ತೇಲೋ ಗೂಡಿನ ಎಳೆಯನ್ನ ಬೆರಳ ತುದಿಯಲ್ಲೇ ಹುಡುಕಿ, ಓಡ್ತಿರೋ ನೂಲಿಗೆ ಎಸೆದು ಸೇರಿಸ್ತಿದ್ದಳು. ಪಕ್ಕದೋಳ ಜೊತೆ ಹರಟೆ ಹೊಡೀತಿದ್ರೂ ಯಾವ ನೂಲು ತೆಳ್ಳಗಾಯ್ತು, ಮುಂದೆ ಯಾವುದಕ್ಕೆ ಕೈ ಹಾಕ್ಬೇಕು ಅಂತ ಗೊತ್ತಾಗೋದು. ಈಗ ಬೆರಳು ಎಳೆಯನ್ನ ದಾಟಿ ಆಚೆಗೆ ಹೋಗಿ ನೀರು ಕಲಕತ್ತೆ. ಒಂದನ್ನ ಸೇರಿಸೋಷ್ಟರಲ್ಲಿ ಮುಂದಿನದ್ಯಾವುದು ಅನ್ನೋದೇ ತಪ್ಪಿಹೋಗತ್ತೆ. ಯೂನಿಟ್ಟಿನ ಮಾಲೀಕ ವಾಸಿಫ್, "ಸಾಕು ಅಮ್ಮಾ, ಮನೇಲಿ ಆರಾಮಾಗಿರಿ" ಅಂತ ಅವಳ ಜಾಗದಲ್ಲಿ ಬೇರೆಯವಳನ್ನ ಕೂರಿಸಿದ. ಮಗ ಮುನೇಶ್ ಅಂತೂ "ನಿನ್ಗೆ ಕೆಲಸದ ಮೇಲೆ ಗಮನ ಇಲ್ಲ ಕಣಮ್ಮ" ಅಂದುಬಿಟ್ಟ. ಗಮನ ಇಲ್ವಂತೆ! ಆ ಕೈ ದುಡಿದು ಹಾಕಿದ್ದನ್ನ ತಿಂದು ಬೆಳೆದೋನು ಆಡೋ ಮಾತಾ ಇದು?

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಗೆ ಹೋದಾಗ ಡಾಕ್ಟರ್ ಹರಿಕೃಷ್ಣ ಹಾಳೆ ಹಿಡ್ಕೊಂಡು ಪ್ರಶ್ನೆ ಕೇಳಿದ್ದರು. ಇವತ್ತು ಯಾವ ವಾರ? ಇದು ಯಾವ ಊರು? ಮೂರು ಪದ ಹೇಳ್ತೀನಿ, ಆಮೇಲೆ ವಾಪಸ್ ಹೇಳಿ. ಅಕ್ಕಯಮ್ಮ ಎಲ್ಲಾ ಪಟಪಟ ಹೇಳಿದಳು. ಡಾಕ್ಟ್ರು ಅವಳ ಮುಖ ಕೂಡ ನೋಡದೆ ಮಗನಿಗೆ ಹೇಳಿದರು. "ಮರೆವೇನಿಲ್ಲ. ವಯಸ್ಸಾಯ್ತಲ್ಲ."

"ನಾನಿಲ್ಲೇ ಇದ್ದೀನಿ ಸ್ವಾಮಿ, ನನ್ಗೇ ಹೇಳಿ. ಮರೆತಿರೋದು ನಾನಲ್ಲ, ನನ್ನ ಕೈ" ಅಂದಳು. ಇಬ್ಬರೂ ನಕ್ಕರು. ಆ ನಗುವನ್ನ ಮಾತ್ರ ಅವಳು ಮರೀಲಿಲ್ಲ ನೋಡಿ.

ಮುಂದಿನ ಸಲ ಬೇಯಿಸಿದ ಗೂಡನ್ನ ಬಿಸಿನೀರಿನ ಸಮೇತ ಹಾಟ್‌ಬಾಕ್ಸಿಗೆ ಹಾಕ್ಕೊಂಡು ಬಸ್ ಹತ್ತಿದಳು. "ಮಾನ ಕಳೀತೀಯ" ಅಂತ ಮುನೇಶ್ ದಾರಿಯುದ್ದಕ್ಕೂ ಗೊಣಗಿದ. ಬಾಗಿಲಲ್ಲಿ ನರ್ಸು "ಊಟ ಒಳಗೆ ತರಂಗಿಲ್ಲ" ಅಂತ ತಡೆದಳು. "ಹಾಗಾದ್ರೆ ಇಲ್ಲೇ ತಿಂದು ನೋಡಮ್ಮ" ಅಂತ ಅಕ್ಕಯಮ್ಮ ಮುಚ್ಚಳ ತೆಗೆದಳು. ಬೆಂದ ಹುಳದ ವಾಸನೆಗೆ ನರ್ಸು ಮೂಗು ಮುಚ್ಕೊಂಡು ದಾರಿ ಬಿಟ್ಟಳು.

ಹಾಟ್‌ಬಾಕ್ಸನ್ನ ಡಾಕ್ಟರ ಮೇಜಿನ ಮೇಲೇ ಇಟ್ಟಳು. "ಕೇಳಿದ್ದು ಸಾಕು, ಈಗ ನೋಡಿ."

ಬೆರಳು ಗೂಡನ್ನ ದಾಟಿತು, ವಾಪಸ್ ಬಂತು, ಮತ್ತೆ ದಾಟಿತು. ಕೊನೆಗೊಂದು ಎಳೆ ಸಿಕ್ಕಿತು. ಮುಂದೇನು ಮಾಡ್ಬೇಕು ಅಂತ ತೋಚದೆ ಅದನ್ನ ಹಾಗೇ ಹಿಡ್ಕೊಂಡು ಕೂತಳು. ಮೂವತ್ತೆಂಟು ವರ್ಷದ ಕೆಲಸ ಅದು! ಕಣ್ಣಲ್ಲಿ ನೀರು ಬಂತು, ಆದ್ರೂ ಅವಳು ಕೈ ಹಿಂದಕ್ಕೆ ತಗೊಳ್ಳಲಿಲ್ಲ.

ಹರಿಕೃಷ್ಣ ಪೆನ್ನು ಕೆಳಗಿಟ್ಟರು. ತಮ್ಮ ಬೆರಳನ್ನ, ಆಮೇಲೆ ಅವಳ ಮೂಗನ್ನ ಅವಳ ಬೆರಳಿಂದಲೇ ಒಂದಾದ ಮೇಲೊಂದು ಮುಟ್ಟಿಸಿದರು. ಒಂದೇ ಗೆರೆ ಮೇಲೆ ನಡೆಸಿದರು. ಈ ಸಲ ಅವಳ ಮುಖ ನೋಡ್ಕೊಂಡೇ ಹೇಳಿದರು. "ತಲೆ ಹಿಂದೆ, ಕೆಳಗಡೆ, ಕಿರುಮೆದುಳು ಅಂತ ಇದೆ. ಕೈಕಾಲಿನ ಹದ ಅದು ಕಾಯತ್ತೆ. ಯೋಚನೆಯಲ್ಲೂ ಅದರ ಪಾಲಿದೆ, ಅಲ್ಜೈಮರ್ ಅನ್ನೋ ಮರೆವಿನ ಕಾಯಿಲೆ ಬಂದವರಲ್ಲಿ ಈ ಕಿರುಮೆದುಳೂ ಕೆಡಬಹುದು ಅಂತ ಈಗೀಗ ಸಂಶೋಧನೆ ಮಾಡೋರು ಹೇಳ್ತಿದ್ದಾರೆ. ನಾವು ಮರೆವನ್ನ ಮಾತ್ರ ಹುಡುಕಿದ್ವಿ. ಸ್ಕ್ಯಾನ್ ಮಾಡದೆ ಯಾವ ಕಾಯಿಲೆ ಅಂತ ಹೇಳಕ್ಕಾಗಲ್ಲ. ಆದ್ರೆ ಇದು ಬರೀ ವಯಸ್ಸಲ್ಲಮ್ಮ."

"ಮುಂದೆ ಮರೆವೂ ಬರತ್ತಾ?"

"ಬರಬಹುದು."

ಮುನೇಶ್ ತಲೆ ತಗ್ಗಿಸಿ, ಮೇಜಿನ ಮೇಲೆ ಚೆಲ್ಲಿದ ನೀರನ್ನ ಕರ್ಚೀಫಲ್ಲಿ ಒರೆಸೋಕೆ ಶುರುಮಾಡಿದ. ಅಕ್ಕಯಮ್ಮ ಅವನ ಕೈ ಹಿಡಿದು ನಿಲ್ಲಿಸಿದಳು.

"ಇವತ್ತು ತಾರೀಕು ಹತ್ತೊಂಬತ್ತು, ಗುರುವಾರ. ಅಕ್ಕಯಮ್ಮ ಹೇಳಿದ್ದು ನಿಜ ಅಂತ ಆ ಹಾಳೆ ಮೇಲೆ ಬರೀರಿ ಡಾಕ್ಟ್ರೇ, ಕನ್ನಡದಲ್ಲಿ. ನಾನು ಮರೆತ ಮೇಲೆ ಇವನು ನನ್ಗೆ ಓದಿ ಹೇಳ್ಲಿ."