ಗಟ್ಟಿಂಗ್ ಸಡಿಲ ಕೇಳಿದ ಹುಡುಗಿ

"ಅಕ್ಕಾ, ಈ ಸಲ ಗಟ್ಟಿಂಗ್ ನಲವತ್ತೈದಕ್ಕೆ ಹಾಕಿ," ಎಂದು ಹುಡುಗಿ ತನ್ನ ಮೂರೂ ರ‍್ಯಾಕೆಟ್ಟುಗಳನ್ನು ಮೇಜಿನ ಮೇಲಿಟ್ಟಾಗ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳನ್ನೇ ನೋಡಿದಳು. ಹೋದ ತಿಂಗಳವರೆಗೂ ತಂತಿಗಳನ್ನು ಐವತ್ತೈದು ಪೌಂಡಿಗೆ ಬಿಗಿಸಿಕೊಳ್ಳುತ್ತಿದ್ದವಳು. ಫೈನಲ್ ಇರುವ ದಿನ ಬೆಳಗ್ಗೆ ಯಾರೂ ಸುಮ್ಮಸುಮ್ಮನೆ ಹತ್ತು ಪೌಂಡು ಸಡಿಲ ಕೇಳುವುದಿಲ್ಲ. ಮಣಿಕಟ್ಟು ನೋಯುವವರು ಕೇಳುತ್ತಾರೆ. ಗಟ್ಟಿಂಗ್ ಸಡಿಲವಿದ್ದರೆ ಚೆಂಡಿನ ಪೆಟ್ಟು ಕೈಗೆ ಕಡಿಮೆ ತಾಗುತ್ತದೆ. ಅಕ್ಕನಿಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ.

ಕ್ಲಬ್ಬಿನ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಗಟ್ಟಿಂಗ್ ಹಾಕಿ ಹೊಟ್ಟೆ ಹೊರೆಯುವ ಈ ಅಕ್ಕ ಒಂದು ಕಾಲಕ್ಕೆ ದೇಶ ದೇಶ ಸುತ್ತಿ ಟೆನಿಸ್ ಆಡಿದವಳು. ಇಪ್ಪತ್ತೆರಡಕ್ಕೆ ಎಲ್ಲ ಮುಗಿಯಿತು. ಮಣಿಕಟ್ಟು ಊದಿದ್ದಾಗ ಕೋಚ್ "ಇದೊಂದು ಆಟ ಆಡ್ಬಿಡು" ಎಂದು ನೋವು ತಿಳಿಯದ ಹಾಗೆ ಇಂಜೆಕ್ಷನ್ ಕೊಡಿಸಿದ. ಮುಂದಿನ ವಾರವೂ ಇದೊಂದು ಆಟ. ಅದರ ಮುಂದಿನ ವಾರವೂ. ಆಪರೇಷನ್ ಮಾಡಿದ ಡಾಕ್ಟರು ಇನ್ನು ಆಡುವಂತಿಲ್ಲ ಎಂದು ತಲೆಯಾಡಿಸಿದಾಗ ಈ ಮಹಾನುಭಾವ ಎಲ್ಲಿದ್ದ? ಹೊಸ ಹುಡುಗಿಯೊಬ್ಬಳನ್ನು ಹುಡುಕಿಕೊಂಡಾಗಿತ್ತು. ಅಲ್ಲ, ನಾಚಿಕೆಯಾದರೂ ಬೇಡವೇ? ಇವತ್ತಿಗೂ ಇದೇ ಕ್ಲಬ್ಬಿನ ಆಫೀಸಿನ ಗೋಡೆಗೆ ಅಕ್ಕನ ಫೋಟೋ ತೂಗುಹಾಕಿ, "ಇವಳನ್ನ ತಯಾರು ಮಾಡಿದ್ದೇ ನಾನು" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡು ತರಬೇತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾನೆ.

"ಕೈ ಕೊಡು," ಎಂದಳು ಅಕ್ಕ.

ಹುಡುಗಿ ಎಡಗೈ ಚಾಚಿದಳು.

"ಅದಲ್ಲ ಕಣೇ."

ಬಲಗೈಯ ಪಟ್ಟಿ ಬಿಚ್ಚಿ ನೋಡಿದರೆ ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ಪಕ್ಕದಲ್ಲೇ ಸೂಜಿ ಚುಚ್ಚಿದ ಹಸಿ ಗುರುತು.

"ಮನೇಲಿ ಹೇಳಿದ್ಯಾ?"

"ಇಲ್ಲ. ಸರ್ ಬೇಡ ಅಂದ್ರು."

ಅಷ್ಟರಲ್ಲಿ ಕೋಚೇ ಬಾಗಿಲಿಗೆ ಬಂದ. "ಇವಳ ಮಾತು ಕೇಳ್ಬೇಡಮ್ಮ, ಐವತ್ತೈದಕ್ಕೇ ಹಾಕು. ಸಡಿಲ ಮಾಡಿದ್ರೆ ಚೆಂಡೆಲ್ಲ ಗೆರೆ ಆಚೆ ಹೋಗುತ್ತೆ. ಇದೊಂದು ಆಟ ತಾನೆ?"

ಅದೇ ಮಾತು, ಅದೇ ದನಿ. ಹದಿನೆಂಟು ವರ್ಷವಾದರೂ ಒಂದಕ್ಷರ ಬದಲಾಗಿಲ್ಲ. ಅಕ್ಕ ಎಡಗೈಯಲ್ಲಿ ಕತ್ತರಿ ಎತ್ತಿಕೊಂಡು ಮೊದಲ ರ‍್ಯಾಕೆಟ್ಟಿನ ತಂತಿಗಳನ್ನು ಕತ್ತರಿಸಿದಳು. ಎರಡನೆಯದನ್ನೂ. ಮೂರನೆಯದನ್ನೂ. ಹೊಸದು ಹಾಕುವ ಮೊದಲು ಹಳೆಯದನ್ನು ತೆಗೆಯಲೇಬೇಕಲ್ಲ, ಕೋಚ್ ಅದೇ ಅಂದುಕೊಂಡು ಗಡಿಯಾರ ನೋಡುತ್ತ ನಿಂತಿದ್ದ. ಅಕ್ಕ ತಂತಿ ಬಿಗಿಯುವ ಮೆಷಿನ್ನಿನ ಸ್ವಿಚ್ಚು ಆರಿಸಿ ಮೇಲೆ ಬಟ್ಟೆ ಹೊದಿಸಿದಳು.

"ಏನಿದು?"

"ನಾನು ಹಾಕಲ್ಲ."

"ತಲೆ ಕೆಟ್ಟಿದ್ಯಾ? ಆಟಕ್ಕೆ ಇನ್ನೊಂದೇ ಗಂಟೆ ಇರೋದು. ನೋಡು, ಈ ಕೋಣೆ ಕೊಡಿಸಿದ್ದೂ ನಾನೇ. ನಾಳೆನೇ ಖಾಲಿ ಮಾಡಿಸ್ತೀನಿ."

"ಮಾಡ್ಸಿ. ಹಾಗೇ ಗೋಡೆ ಮೇಲಿನ ಫೋಟೋನೂ ಇಳಿಸ್ಬಿಡಿ."

ಕೋಚ್ ಹುಡುಗಿಯ ಕಡೆ ತಿರುಗಿದ. "ಬಾ, ಬೇರೆ ಯಾರದ್ದಾದ್ರೂ ರ‍್ಯಾಕೆಟ್ ಇಸ್ಕೊಳ್ಳೋಣ."

ಹುಡುಗಿ ಅಲುಗಾಡಲಿಲ್ಲ. ಅಕ್ಕನ ಬಲಗೈಯನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಇಲ್ಲಿಗೆ ಬಂದುಹೋಗುತ್ತಿದ್ದರೂ, ಆ ಕೈ ರ‍್ಯಾಕೆಟ್ಟನ್ನು ಒತ್ತಿ ಹಿಡಿಯುವುದಕ್ಕಷ್ಟೇ, ಬಾಕಿ ಕೆಲಸವೆಲ್ಲ ಎಡಗೈಯದ್ದೇ ಎಂಬುದು ಅವಳ ಗಮನಕ್ಕೆ ಬಂದದ್ದು ಈಗ.

"ಅಕ್ಕಾ, ನಿಮ್ಗೂ ಹೀಗೇ ಹೇಳಿದ್ರಾ?"

"ಮೂರು ಸಲ. ಮೂರು ಸಲವೂ ನಂಬಿದೆ. ಈಗ ತಲೆ ಬಾಚ್ಕೊಳ್ಳೋಕೂ ಈ ಕೈ ಬರಲ್ಲ."

ಕೋಚ್ ಏನೋ ಹೇಳಲು ಬಾಯಿ ತೆರೆದ. ಹುಡುಗಿ ಅವನ ಕಡೆ ನೋಡಲಿಲ್ಲ.

"ಅಕ್ಕಾ, ನಿಮ್ಮ ಫೋನ್ ಕೊಡಿ. ಅಮ್ಮಂಗೆ ಹೇಳ್ಬೇಕು," ಎಂದು ಎಡಗೈ ಚಾಚಿದಳು.